ವ್ಯಾಟ್ಸ್ ಕೇಳಬೇಡಿ, ಕರೆಂಟ್ ಅಳೆಯಿರಿ

ಹಾರೋಹಳ್ಳಿ, ಮರಳವಾಡಿ ಕಡೆ ಊರಹಬ್ಬಕ್ಕೋ ಕುರುಕ್ಷೇತ್ರ ನಾಟಕಕ್ಕೋ ಸೌಂಡ್ ಸಿಸ್ಟಮ್ ಗೊತ್ತು ಮಾಡಲು ಹೋದವರು ಮೊದಲು ಕೇಳುವುದು ‘ಎಷ್ಟು ವ್ಯಾಟ್ಸು ಅಣ್ಣಾ?’ ಎಂದೇ. ಅಂಕಿ ದೊಡ್ಡದಾದಷ್ಟೂ ಬಾಡಿಗೆ ದೊಡ್ಡದು. ಆಂಪ್ಲಿಫೈಯರ್ ಬಿಚ್ಚಿ ರಿಪೇರಿ ಮಾಡುವವರಲ್ಲೂ ಇದರ ಜೊತೆಗೇ ಬೆಳೆದ ಇನ್ನೊಂದು ನಂಬಿಕೆಯಿದೆ. ಔಟ್‌ಪುಟ್‌ನ ವೋಲ್ಟೇಜ್ ನೋಡು, ಬಾಕ್ಸಿನ ಹಿಂದೆ ಬರೆದಿರುವ ಓಮ್‌ನಿಂದ ಭಾಗಿಸು, ಕರೆಂಟ್ ಸಿಕ್ಕಿತು. ಅದನ್ನು ಬೇರೆ ಅಳೆಯುವುದು ಯಾಕೆ ಎಂಬುದು. ಈ ಎರಡನೆಯ ನಂಬಿಕೆಯೇ ಹೆಚ್ಚು ಹಾನಿ ಮಾಡುತ್ತಿದೆ ಎಂಬುದು ನನ್ನ ತಕರಾರು.

ವ್ಯಾಟ್ಸಿನ ಮಾತನ್ನು ಬೇಗ ಮುಗಿಸಬಹುದು. 5 ಆಂಪಿಯರ್ ಪ್ಲಗ್ಗಿನಿಂದ 230 ವೋಲ್ಟಿನಲ್ಲಿ ಎಡೆಬಿಡದೆ ಎಳೆಯಲು ಆಗುವುದು 1150 ವ್ಯಾಟ್. ಅಂಥ ಪ್ಲಗ್ಗಿಗೆ ಸಿಕ್ಕಿಸುವ ಡಬ್ಬದ ಮೇಲೆ 5000 ವ್ಯಾಟ್ ಪಿಎಂಪಿಒ ಎಂದು ಬರೆದಿದ್ದರೆ, ಆ ಅಂಕಿಗೆ ಬೆಲೆ ಕೊಡುವ ಅಗತ್ಯವೇ ಇಲ್ಲ.

ಓಮ್‌ನ ವಿಷಯ ಅಷ್ಟು ಸುಲಭವಲ್ಲ. ಬಾಕ್ಸಿನ ಹಿಂದಿನ ‘8 ಓಮ್’ ಒಂದು ಹೆಸರು ಮಾತ್ರ. ಅದೇ ಸ್ಪೀಕರಿಗೆ ಮೀಟರ್ ಹಿಡಿದರೆ ಕಾಯಿಲ್ ಆರು ಓಮ್ ಆಸುಪಾಸಿನಲ್ಲಿ ತೋರಿಸುತ್ತದೆ. ಬೇಸ್ ಸ್ಪೀಕರಿನ ಕೋನ್ ತನ್ನ ಸಹಜ ಕಂಪನಕ್ಕೆ ಬಂದಾಗ ಇಂಪೀಡೆನ್ಸ್ 30, 40 ಓಮ್ ದಾಟಿಬಿಡುತ್ತದೆ; ಅಲ್ಲಿಂದ ಮೇಲಿನ ಸ್ವರಗಳಿಗೆ ಮತ್ತೆ ಇಳಿದು, ಇನ್ನೂ ಮೇಲಿನ ಸ್ವರಗಳಿಗೆ ಮತ್ತೆ ಏರುತ್ತದೆ. ಒಂದೇ ವೋಲ್ಟೇಜಿಗೆ ಮದ್ದಳೆಯ ಪೆಟ್ಟು ಎಳೆಯುವ ಕರೆಂಟೇ ಬೇರೆ, ಹಾರ್ಮೋನಿಯಂ ಎಳೆಯುವುದೇ ಬೇರೆ. ಸಾಲದ್ದಕ್ಕೆ ಕಾಯಿಲ್ ತಾಮ್ರದ್ದು. ಒಂದೊಂದು ಡಿಗ್ರಿ ಬಿಸಿಗೂ ತಾಮ್ರದ ರೆಸಿಸ್ಟೆನ್ಸ್ ಶೇ. 0.39ರಷ್ಟು ಏರುತ್ತದೆ. ಕಾಯಿಲ್ 150 ಡಿಗ್ರಿ ಹೆಚ್ಚು ಕಾದರೆ ಅದರ ಓಮ್ ಸುಮಾರು ಒಂದೂವರೆ ಪಟ್ಟಿಗೂ ಮಿಕ್ಕಿ ನಿಲ್ಲುತ್ತದೆ. ರಾತ್ರಿಯಿಡೀ ನಡೆಯುವ ನಾಟಕದಲ್ಲಿ ಕೌರವ ರಂಗಕ್ಕೆ ಬಂದಾಗ ಇದ್ದ ಗದ್ದಲ ಬೆಳಗಿನ ಜಾವದ ಭೀಮನಿಗೆ ಯಾಕಿಲ್ಲ ಎಂದರೆ, ವೋಲ್ಟ್ ಮೀಟರ್ ಎರಡು ಹೊತ್ತಿನಲ್ಲೂ ಒಂದೇ ಅಂಕಿ ತೋರಿಸಿ ಸುಮ್ಮನಿರುತ್ತದೆ. ಸೌಂಡ್ ಕಡಿಮೆಯಾಯಿತೆಂದು ಆಪರೇಟರ್ ವಾಲ್ಯೂಮ್ ಏರಿಸುತ್ತಾನೆ, ಕಾಯಿಲ್ ಇನ್ನಷ್ಟು ಕಾಯುತ್ತದೆ, ಯೂನಿಟ್ ಸುಟ್ಟುಹೋಗುತ್ತದೆ. ಕರೆಂಟ್ ನೋಡುತ್ತಿದ್ದವನಿಗೆ ಅದು ಇಳಿಯುತ್ತಿರುವುದು ಮೊದಲೇ ಗೊತ್ತಾಗಿರುತ್ತಿತ್ತು.

ಕೋನನ್ನು ನೂಕುವುದು ಕಾಯಿಲ್‌ನಲ್ಲಿ ಹರಿಯುವ ಕರೆಂಟ್. ಅಯಸ್ಕಾಂತದ ಬಲ, ತಂತಿಯ ಉದ್ದ, ಕರೆಂಟ್, ಈ ಮೂರನ್ನೂ ಗುಣಿಸಿದರೆ ನೂಕುವ ಬಲ ಬರುತ್ತದೆ. ಆ ಲೆಕ್ಕದಲ್ಲಿ ವೋಲ್ಟೇಜಿಗೆ ನೇರ ಜಾಗವಿಲ್ಲ. ಶಬ್ದ ಹುಟ್ಟಿಸುವುದನ್ನು ಬಿಟ್ಟು ಅದರ ಪಕ್ಕದ್ದನ್ನು ಅಳೆದು ತೃಪ್ತಿಪಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಕಂಪನಿಗಳು ಆಂಪ್ಲಿಫೈಯರ್ ಪರೀಕ್ಷಿಸುವುದು ರೆಸಿಸ್ಟರ್ ಕಟ್ಟಿ. ರೆಸಿಸ್ಟರಿನಲ್ಲಿ ವೋಲ್ಟೇಜ್, ಕರೆಂಟ್ ಒಟ್ಟೊಟ್ಟಿಗೇ ಏರಿ ಇಳಿಯುತ್ತವೆ; ಸ್ಪೀಕರಿನಲ್ಲಿ ಒಂದು ಹಿಂದೆ ಬೀಳುತ್ತದೆ. ಫಿನ್ಲೆಂಡಿನ ಮಟ್ಟಿ ಒಟಾಲ ಮತ್ತು ಅವರ ಸಹೋದ್ಯೋಗಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಡಿಯಲ್ಲಿ ಸಿಗುವ ಸ್ಪೀಕರುಗಳೇ ಅದೇ ಓಮ್‌ನ ರೆಸಿಸ್ಟರ್ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯಬಲ್ಲವು ಎಂದು ತೋರಿಸಿದ್ದರು. ಆ ಪರೀಕ್ಷೆಗೆ ಬಳಸಿದ್ದು ಬೇಕೆಂದೇ ಹೆಣೆದ ಸಿಗ್ನಲ್, ನಿಜವಾದ ಹಾಡಿನಲ್ಲಿ ಅಷ್ಟು ಆಗುವುದು ಅಪರೂಪ ಎಂಬ ಆಕ್ಷೇಪವುಂಟು. ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ‘ಎಷ್ಟು’ ಎಂಬುದನ್ನು ತೀರ್ಮಾನಿಸುವುದಕ್ಕೂ ಕರೆಂಟನ್ನೇ ಅಳೆಯಬೇಕಲ್ಲ.

ಅಳೆಯುವುದು ಕಷ್ಟ ಎನ್ನುವವರಿಗೆ ಉತ್ತರವಿದೆ. ಎಲೆಕ್ಟ್ರಿಷಿಯನ್ ಹತ್ತಿರ ಇರುವ ಕ್ಲ್ಯಾಂಪ್ ಮೀಟರೇ ಸಾಕು. ಅದು 50 ಹರ್ಟ್ಸಿಗೆ ಪಳಗಿದ ಮೀಟರು. ಆದ್ದರಿಂದ ಬೇಸ್ ಬಾಕ್ಸಿಗೆ ಮೊಬೈಲಿನಿಂದ 50 ಹರ್ಟ್ಸಿನ ನಾದ ಹದವಾಗಿ ಬಿಟ್ಟು ಓದಬೇಕು. ಜೋಡಿ ವೈರನ್ನು ಬಿಡಿಸಿ, ಒಂದೇ ಎಳೆಯನ್ನು ಕ್ಲ್ಯಾಂಪಿನೊಳಗೆ ಹಾಕಬೇಕು. ಎರಡೂ ಒಳಗಿದ್ದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿ ಮೀಟರು ಸೊನ್ನೆ ತೋರಿಸುತ್ತದೆ. ಕರೆಂಟ್ ಸಣ್ಣದಾದರೆ ಅದೇ ಎಳೆಯನ್ನು ಹತ್ತು ಸುತ್ತು ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಬೇಕು.

ಮರದ ಕೊಂಬೆಗೆ ಕಟ್ಟುವ ಹಾರ್ನ್‌ಗಳಿಗೆ ಮಾತ್ರ ಈ 50 ಹರ್ಟ್ಸ್ ಬಿಡಲೇಬಾರದು. ಅವುಗಳ ಡಯಾಫ್ರಾಮ್ ತಡೆಯುವುದಿಲ್ಲ, 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಕೂಡ ಅಷ್ಟು ಕೆಳಗೆ ಕೆಲಸ ಮಾಡುವುದಿಲ್ಲ. ಅಲ್ಲಿ 0.1 ಓಮ್‌ನ, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರನ್ನು ಲೈನಿನಲ್ಲಿ ಸೇರಿಸಿ, 400 ಹರ್ಟ್ಸಿನ ನಾದ ಬಿಟ್ಟು, ರೆಸಿಸ್ಟರಿನ ಎರಡು ಕಾಲುಗಳ ನಡುವಿನ ವೋಲ್ಟೇಜ್ ನೋಡಬೇಕು. 1 ಆಂಪಿಯರಿಗೆ 0.1 ವೋಲ್ಟ್. ಎಸಿಗೆ 200 ವೋಲ್ಟಿನ ರೇಂಜಿನಿಂದಲೇ ಶುರುವಾಗುವ ಅಗ್ಗದ ಹಳದಿ ಮೀಟರು ಇದಕ್ಕೆ ಆಗದು, ಮಿಲಿವೋಲ್ಟ್ ಎಸಿ ಓದುವ ಮೀಟರು ಬೇಕು. ಮೀಟರಿನ ಬದಲು ಆಸಿಲೋಸ್ಕೋಪ್ ಬಳಸುವವರಿಗೆ ಇನ್ನೊಂದು ಎಚ್ಚರ: ಬ್ರಿಡ್ಜ್ ಮಾಡಿದ ಆಂಪ್ಲಿಫೈಯರಿನ ಎರಡು ಕಡೆಯಲ್ಲೂ ಸಿಗ್ನಲ್ ಇರುತ್ತದೆ. ಅಲ್ಲಿಗೆ ಆಸಿಲೋಸ್ಕೋಪಿನ ಅರ್ಥ್ ಕ್ಲಿಪ್ ಕಚ್ಚಿಸಿದರೆ ಔಟ್‌ಪುಟ್ ಶಾರ್ಟ್ ಆಗಿ ಟ್ರಾನ್ಸಿಸ್ಟರ್ ಹೋಗುತ್ತದೆ.

ವೈರಿನ ಕಥೆಯನ್ನು ಹೊರಗೆಡಹುವುದೂ ಕರೆಂಟೇ. ಆಂಪ್ಲಿಫೈಯರಿನಲ್ಲಿ 40 ವೋಲ್ಟ್ ಇದೆ, ಎರಡು ಬಾಕ್ಸ್ ಪ್ಯಾರಲಲ್ ಕಟ್ಟಿ 4 ಓಮ್ ಆಗಿದೆ ಎನ್ನೋಣ. ಕಾಗದದ ಲೆಕ್ಕ 10 ಆಂಪಿಯರ್, 400 ವ್ಯಾಟ್. ರಂಗದಿಂದ ಬಾಕ್ಸಿಗೆ 30 ಮೀಟರ್ ದೂರ ಒಂದು ಚದರ ಮಿ.ಮೀ. ತಾಮ್ರದ ವೈರ್ ಎಳೆದಿದ್ದರೆ ಹೋಗಿ ಬರುವ ದಾರಿಗೇ ಸುಮಾರು 1 ಓಮ್ ಆಗುತ್ತದೆ. ಕ್ಲ್ಯಾಂಪ್ 8 ಆಂಪಿಯರ್ ತೋರಿಸುತ್ತದೆ; ಬಾಕ್ಸುಗಳಿಗೆ ತಲುಪುವುದು 256 ವ್ಯಾಟ್, 64 ವ್ಯಾಟ್ ವೈರನ್ನು ಬಿಸಿ ಮಾಡುತ್ತದೆ. ಆಂಪ್ಲಿಫೈಯರಿನ ಟರ್ಮಿನಲ್ಲಿನಲ್ಲಿ ಹಿಡಿದ ವೋಲ್ಟ್ ಮೀಟರಿಗೆ ಇದರ ಸುಳಿವೇ ಸಿಗುವುದಿಲ್ಲ. ಕರೆಂಟ್ ಮಾತ್ರ ವೈರಿನ ಯಾವ ತುದಿಯಲ್ಲಿ ಅಳೆದರೂ ಅಷ್ಟೇ. ಸೌಂಡ್ ಸಾಲದೆಂದು ಹೊಸ ಆಂಪ್ಲಿಫೈಯರಿಗೆ ದುಡ್ಡು ಹೊಂದಿಸುತ್ತಿರುವವರು ಅದೇ ಜಾಗದಲ್ಲಿ 4 ಚದರ ಮಿ.ಮೀ. ವೈರ್ ಎಳೆದು ನೋಡಲಿ: ಮೀಟರು 9.4 ಆಂಪಿಯರಿಗೆ ಏರುತ್ತದೆ, ಇದ್ದ ಆಂಪ್ಲಿಫೈಯರಿನಿಂದಲೇ ಬಾಕ್ಸುಗಳಿಗೆ 350 ವ್ಯಾಟ್ ಹೋಗುತ್ತದೆ.