ಹೊಳ್ಳಿ ಹರಿಯುವ ಹೊಳೆ

"ತಮ್ಮಾ, ಈ ಹೊಳಿ ಹೊಳ್ಳಿ ಹೊಂಟೈತಲ್ಲೋ!"

ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಕಟ್ಟೆಗೆ ಎರಡೂ ಕೈ ಊರಿ, ಬಗ್ಗಿ ನೋಡುತ್ತ ದೊಡ್ಡವ್ವ ಹೀಗೆಂದದ್ದು ಹೋದ ತಿಂಗಳು, ಒಂದು ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಅದಕ್ಕೂ ಮೊದಲು ಅಲ್ಲಿನ ಬಸವಣ್ಣನ ಪ್ರತಿಮೆಯ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದಿದ್ದಳು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ ಅದು. ಆಚೆ ದಂಡೆಯಲ್ಲಿ, ಸ್ವಲ್ಪ ಕೆಳಕ್ಕೆ, ಬ್ರಿಟನ್ನಿನ ಸಂಸತ್ ಭವನ. ಅನುಭವ ಮಂಟಪದ ಅಣ್ಣನಿಗೆ ಇದಕ್ಕಿಂತ ಒಪ್ಪುವ ಜಾಗ ಈ ಊರಿನಲ್ಲಿ ಇನ್ನೊಂದಿಲ್ಲ. ಕನ್ನಡಿಗರು ಬಂದವರೆಲ್ಲ ಇಲ್ಲಿ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ದೊಡ್ಡವ್ವ ಹೊರಡಲಿಲ್ಲ, ನೀರಿನ ಕಡೆ ತಿರುಗಿದಳು.

ಸಮುದ್ರ ಯಾವ ಕಡೆ ಎಂದು ಕೇಳಿದ್ದಳು, ಬಲಕ್ಕೆ ಎಂದು ತೋರಿಸಿದ್ದೆ. ಈಗ ನೀರಿನ ಮೇಲೊಂದು ಹಲಗೆ ತುಂಡು ಎಡಕ್ಕೆ ಸಾಗುತ್ತಿತ್ತು, ಅದೂ ನಾವು ನಡೆಯುವ ವೇಗದಲ್ಲಿ. ಮಲಪ್ರಭೆಯ ದಂಡೆಯಲ್ಲಿ ಬೆಳೆದವಳ ಕಣ್ಣಿಗೆ ಅದು ತಪ್ಪಲಿಲ್ಲ. ನಾನು 11 ವರ್ಷಗಳಿಂದ ದಿನಕ್ಕೆರಡು ಸಲ ರೈಲಿನಲ್ಲಿ ಈ ನದಿ ದಾಟುತ್ತೇನೆ. ಅದು ಯಾವ ಕಡೆ ಹರಿಯುತ್ತಿದೆ ಎಂದು ಒಂದು ದಿನವೂ ನೋಡಿರಲಿಲ್ಲ.

ಥೇಮ್ಸ್ ಲಂಡನ್ನಿನಲ್ಲಿ ಅರ್ಧ ನದಿ, ಅರ್ಧ ಸಮುದ್ರ. ಉತ್ತರ ಸಮುದ್ರದ ಭರತ ದಿನಕ್ಕೆರಡು ಸಲ ಊರನ್ನೆಲ್ಲ ದಾಟಿ ಪಶ್ಚಿಮದ ಟೆಡಿಂಗ್ಟನ್‌ವರೆಗೆ ಏರುತ್ತದೆ. ಅಲ್ಲಿನ ಒಡ್ಡು ಅದನ್ನು ತಡೆಯುತ್ತದೆ. ಸುಮಾರು ಆರು ಗಂಟೆ ನೀರು ಮೇಲಕ್ಕೆ, ಇನ್ನಾರು ಗಂಟೆ ಕೆಳಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಲಂಡನ್ ಬ್ರಿಜ್ ಬಳಿ ಏರಿಳಿತದ ನಡುವಿನ ಅಂತರ 7 ಮೀಟರ್ ಮುಟ್ಟುವುದುಂಟು. ಎರಡಂತಸ್ತಿನ ಮನೆಯಷ್ಟು ನೀರು ಬಂದು ಹೋಗುತ್ತದೆ!

ಈ ವಾರ ನನ್ನ ಮಾತು ಇಷ್ಟೇ: ಬದುಕುತ್ತಿರುವ ಪರದೇಶದ ಊರನ್ನು ನೋಡಲು ಹೊರಟಾಗ ಜಾಗದ ಪಟ್ಟಿ ಹಿಡಿಯಬೇಡಿ, ಹೊತ್ತು ಹಿಡಿಯಿರಿ. ನಾಲ್ಕು ದಿನಕ್ಕೆಂದು ಬಂದವರಿಗೆ ಸಿಕ್ಕ ಹೊತ್ತೇ ಹೊತ್ತು, ಪಾಪ. ನಮಗೆ ಹಾಗಲ್ಲ. ಹನ್ನೊಂದಕ್ಕೆ ಏರುತ್ತಿದ್ದ ನದಿ ಮುಂದಿನ ಶನಿವಾರ ಅದೇ ಹನ್ನೊಂದಕ್ಕೆ ಇಳಿಯುತ್ತಿರುತ್ತದೆ, ಏಕೆಂದರೆ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಒಂದೇ ಜಾಗದಲ್ಲಿ ವಾರ ಬಿಟ್ಟು ನಿಂತರೆ ಇನ್ನೊಂದೇ ನದಿ ಕಾಣುತ್ತದೆ. ಆ ಭಾಗ್ಯ ಊರಲ್ಲಿ ಇರುವವರದು.

ಹಾಗಾಗಿ ನಾವು ಮುಂದಿನ ಶನಿವಾರ ಮತ್ತೆ ಹೊರಟೆವು, ಈ ಸಲ ಭರತ ಇಳಿತದ ವೇಳಾಪಟ್ಟಿ ನೋಡಿಕೊಂಡು. ದಾರಿಯಲ್ಲಿ ಲ್ಯಾಂಬೆತ್ ಸೇತುವೆಯ ಕೆಂಪು ಬಣ್ಣ ತೋರಿಸಿದೆ, ಅದು ಹೌಸ್ ಆಫ್ ಲಾರ್ಡ್ಸ್‌ನ ಆಸನಗಳ ಕೆಂಪು. ಮುಂದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಹಸಿರು ಹೌಸ್ ಆಫ್ ಕಾಮನ್ಸ್‌ನ ಹಸಿರು. "ಹೌದಾ" ಎಂದಳು, ಅಷ್ಟೇ. ಅವಳ ಲಕ್ಷ್ಯವೆಲ್ಲ ನೀರಿನ ಮೇಲೆ.

ಬ್ಯಾಂಕ್‌ಸೈಡ್‌ನಲ್ಲಿ, ಟೇಟ್ ಮಾಡರ್ನ್ ಎದುರು ಮಧ್ಯಾಹ್ನ ಮೂರಕ್ಕೆ ನೀರು ಪೂರ್ತಿ ಇಳಿದಿತ್ತು. ಮೆಟ್ಟಿಲು ಪಾಚಿಗಟ್ಟಿರುತ್ತವೆ, ಜೋಕೆ. ದೊಡ್ಡವ್ವನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆ. ಕಾಲಡಿ ಹೆಂಚಿನ ಚೂರು, ಸಿಂಪಿ ಚಿಪ್ಪು, ತುಕ್ಕು ಹಿಡಿದ ಮೊಳೆ. ಅವುಗಳ ನಡುವೆ ಬೆರಳುದ್ದದ ಬಿಳಿ ಕಡ್ಡಿಗಳು. "ಬಳಪಾ ಯಾರು ಚೆಲ್ಯಾರ?" ಎಂದು ದೊಡ್ಡವ್ವ ಕುಕ್ಕರಗಾಲಿನಲ್ಲಿ ಕುಳಿತಳು. ಬಳಪವೆಂದೇ ಅನ್ನಬೇಕು, ಆದರೆ ನಟ್ಟನಡುವೆ ಸೂಜಿ ತೂರುವಷ್ಟು ತೂತು. ಜೇಡಿಮಣ್ಣಿನ ಚಿಲುಮೆಯ ಕೊಳವೆಗಳವು. ಹೊಗೆಸೊಪ್ಪು ಈ ದೇಶಕ್ಕೆ ಬಂದ 16ನೇ ಶತಮಾನದಿಂದ ಮೂರು ನೂರು ವರ್ಷಕ್ಕೂ ಹೆಚ್ಚು ಕಾಲ ಅಂಬಿಗರು, ಹಮಾಲರು ಸೇದಿ ಮುರಿದು ಎಸೆದದ್ದು. ಹೊಗೆಸೊಪ್ಪು ತುಟ್ಟಿಯಿದ್ದ ಮೊದಲ ಕಾಲದ ಚಿಲುಮೆಯ ಬಟ್ಟಲು ತೀರಾ ಪುಟ್ಟದಿರುತ್ತಿತ್ತಂತೆ ಎಂದೆ. "ಬಡವರ ಚಟ ಎಲ್ಲೆಲ್ಲೂ ಒಂದ ನೋಡು" ಎಂದಳು.

ಇಲ್ಲಿ ಹುಡುಕಿ ಹೆಕ್ಕಲು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕು. ನಮ್ಮಲ್ಲಿ ಅದು ಇರಲಿಲ್ಲ. ದೊಡ್ಡವ್ವ ಮುಟ್ಟಲಿಲ್ಲ, ಸೆರಗು ಬಿಗಿದು ಕುಳಿತಲ್ಲಿಂದಲೇ ನೋಡಿದಳು. ಆಮೇಲೆ ತಲೆಯೆತ್ತಿ ನದಿ ನೋಡಿದಳು. ಸಮುದ್ರದತ್ತ ಹೊರಟಿದ್ದ ಒಂದು ಒಣ ಟೊಂಗೆ ಮಿಲೇನಿಯಂ ಸೇತುವೆಯ ನೆರಳಲ್ಲಿ ಸಾವಕಾಶವಾಗಿ, ಸಾವಕಾಶವಾಗಿ ನಿಂತಿತು. ಎಷ್ಟೋ ನಿಮಿಷ ನಿಂತೇ ಇತ್ತು. ನಾವಿಬ್ಬರೂ ಮಾತಾಡಲಿಲ್ಲ. ಕೊನೆಗೆ ಅದರ ತುದಿ ಪಶ್ಚಿಮಕ್ಕೆ ವಾಲಿತು.

"ಹೊಳ್ಳಿತು ನೋಡು, ನಡಿ ಮ್ಯಾಲ ಹೋಗೂಣು" ಎಂದು ದೊಡ್ಡವ್ವ ನನ್ನತ್ತ ಕೈ ಚಾಚಿದಳು.