‘ದೇವರು’ ಎಂಬ ಬಹುವಚನ: ಎರಡು ಬೈಬಲ್‌ಗಳ ನಡುವೆ ಯೇಸುವಿನ ದೈವತ್ವ

ರಾಯಲ್ ಗೌಲ್ಡ್ ವೈಲ್ಡರ್ 1852ರಲ್ಲಿ ಕೊಲ್ಹಾಪುರದಲ್ಲಿ ಆರಂಭಿಸಿದ ಅಮೆರಿಕನ್ ಮಿಷನ್ ಮರಾಠಿಯನ್ನು ಉಪದೇಶದ ಭಾಷೆಯಾಗಿಸಿಕೊಂಡಿತು. 1837ರಿಂದ ಧಾರವಾಡದಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನದು ಕನ್ನಡ. ಹೀಗಾಗಿ ಗಡಹಿಂಗ್ಲಜ, ಇಚಲಕರಂಜಿಗಳ ದ್ವಿಭಾಷಿಕ ಓದುಗನ ಮುಂದೆ ಒಂದಲ್ಲ, ಎರಡು ಬೈಬಲ್‌ಗಳಿವೆ. ದೇವರ ಏಕತ್ವ ಮತ್ತು ಯೇಸುವಿನ ದೈವತ್ವದ ವಿಷಯದಲ್ಲಿ ಇವೆರಡೂ ಒಂದೇ ಸಿದ್ಧಾಂತಕ್ಕೆ ಬದ್ಧ. ಆದರೆ ಎರಡು ವ್ಯಾಕರಣಗಳು ಆ ಸಿದ್ಧಾಂತವನ್ನು ಒಂದೇ ರೀತಿಯಲ್ಲಿ ಹೊರುವುದಿಲ್ಲ.

ಆದಿಕಾಂಡದ ಮೊದಲ ವಾಕ್ಯವನ್ನೇ ನೋಡಬಹುದು. ಹೀಬ್ರೂವಿನ ‘ಎಲೋಹಿಂ’ ರೂಪದಲ್ಲಿ ಬಹುವಚನ, ಅದರ ಕ್ರಿಯಾಪದ ಏಕವಚನ. ಹಳೆಯ ಕನ್ನಡ ಅನುವಾದದಲ್ಲಿಯೂ ‘ದೇವರು’ ಎಂಬ ಕರ್ತೃಪದಕ್ಕೆ ‘ನು’ ಪ್ರತ್ಯಯದ ಕ್ರಿಯೆ ಬರುತ್ತದೆ. ಶಾಲಾ ವ್ಯಾಕರಣ ಇದನ್ನು ದೋಷವೆನ್ನಬಹುದು. ಮೂಲದ ಬಿಕ್ಕಟ್ಟನ್ನು ಇಷ್ಟು ನಿಕಟವಾಗಿ ಹಿಡಿದ ದೋಷ ಅಪರೂಪ. ಮರಾಠಿಯಲ್ಲಿ ನಾಮಪದ ನಿಸ್ಸಂದಿಗ್ಧವಾಗಿ ಏಕವಚನ. ಕ್ರಿಯಾಪದವಾದರೋ ಕರ್ತೃವನ್ನು ಬಿಟ್ಟು ಆಕಾಶ-ಭೂಮಿಗಳೆಂಬ ಕರ್ಮವನ್ನು ಅನುಸರಿಸುತ್ತದೆ. ಅಲ್ಲಿ ಪ್ರಶ್ನೆ ಹುಟ್ಟುವುದೇ ಇಲ್ಲ. ಇತ್ತೀಚಿನ ಕನ್ನಡ ಅನುವಾದ ಗೌರವಾರ್ಥದ ‘ರು’ ಪ್ರತ್ಯಯ ಬಳಸಿ ವಾಕ್ಯವನ್ನು ಸರಿಪಡಿಸಿತು. ಓದು ಸುಗಮವಾಯಿತು, ಹಳೆಯ ಬಿಗುವು ಹೋಯಿತು.

‘ಎಲೋಹಿಂ’ ಪದದ ಬಹುವಚನದಲ್ಲಿಯೇ ತ್ರಿತ್ವದ ಸೂಚನೆ ಇದೆಯೆಂಬ ಹಳೆಯ ವಾದವೊಂದುಂಟು. ಕನ್ನಡ ಬಲ್ಲವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಪಟ್ಟಣಕೊಡೋಲಿಯ ಬೀರದೇವರು ಬಹುವಚನದಲ್ಲಿದ್ದಾರೆಂಬ ಕಾರಣಕ್ಕೆ ಅವರನ್ನು ಯಾರೂ ಹಲವರೆಂದು ಎಣಿಸಿಲ್ಲ.

ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಭಿನ್ನತೆ ಇನ್ನೂ ಆಳವಾದುದು. ಗ್ರೀಕಿನ ‘ಲೋಗೊಸ್’ ಪುಲ್ಲಿಂಗ. ಮರಾಠಿಯ ‘ಶಬ್ದ’ವೂ ಪುಲ್ಲಿಂಗ. ಕನ್ನಡದ ‘ವಾಕ್ಯ’ ನಪುಂಸಕ. ಆದ್ದರಿಂದ ಕನ್ನಡ ಅನುವಾದಕರು ‘ಅದು’ ಎಂಬುದರಿಂದ ‘ಅವನು’ ಎಂಬುದಕ್ಕೆ ಸಾಗಲು ‘ಎಂಬವನು’ ಎಂಬ ಸೇತುವೆಯನ್ನು ಕಟ್ಟಬೇಕಾಯಿತು. ವಾಕ್ಯವು ಮೊದಲಿನಿಂದಲೂ ವ್ಯಕ್ತಿಯೇ ಅಥವಾ ದೇವರ ಸಂಕಲ್ಪವೇ ಎಂಬ ವಿವಾದದಲ್ಲಿ ಈ ಸೇತುವೆ ತಟಸ್ಥವಲ್ಲ. ಅದು ತೀರ್ಪನ್ನು ಕೊಟ್ಟಾಗಿದೆ. ಹದಿನಾಲ್ಕನೆಯ ವಚನದಲ್ಲಿ ಮರಾಠಿ ‘ದೇಹೀ’ ಎಂಬ ಪದದಿಂದ ತೃಪ್ತಿಪಟ್ಟರೆ ಹಳೆಯ ಕನ್ನಡ ಅನುವಾದ ‘ನರಾವತಾರ’ವನ್ನು ತರುತ್ತದೆ. ಈ ಆಯ್ಕೆ ಒಪ್ಪತಕ್ಕದ್ದಲ್ಲ. ಅವತಾರ ಎಂದೊಡನೆ ಹತ್ತು ಅವತಾರಗಳು ನೆನಪಿಗೆ ಬರುತ್ತವೆ. ಒಮ್ಮೆ ಮಾತ್ರ ನಡೆದುದೆಂದು ಸುವಾರ್ತೆ ಹೇಳುವ ಸಂಗತಿ ಪುನರಾವರ್ತನೆಯ ಸಾಲಿಗೆ ಸೇರಿಬಿಡುತ್ತದೆ. ಮೂಲದ ಪದಕ್ಕೆ ಬರಿಯ ‘ಮಾಂಸ’ವೆಂದರ್ಥ.

ಈ ಬಗೆಯ ಪದಪರೀಕ್ಷೆಗೆ ಕನ್ನಡ-ಮರಾಠಿ ಲೋಕದಲ್ಲಿ ದೊಡ್ಡ ಸಾಕ್ಷಿಯೊಬ್ಬರಿದ್ದಾರೆ: 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿ. 1883ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದ ಅವರು ಮುಂದಿನ ಎರಡು ವರ್ಷಗಳಲ್ಲಿ ಸಿಸ್ಟರ್ ಜೆರಾಲ್ಡಿನ್ ಹಾಗೂ ಡೊರೊಥಿಯಾ ಬೀಲ್ ಅವರೊಡನೆ ನಡೆಸಿದ ಪತ್ರವ್ಯವಹಾರದಲ್ಲಿ ತ್ರಿತ್ವದ ಸೂತ್ರವನ್ನು ಒಪ್ಪಲಿಲ್ಲ. ಅಥನಾಸಿಯನ ಹೆಸರಿನ ವಿಶ್ವಾಸಪ್ರಮಾಣವನ್ನು ಸ್ವೀಕರಿಸಲಿಲ್ಲ. ಕ್ರಿಸ್ತನನ್ನು ಅವರು ಬಿಡಲಿಲ್ಲವೆಂಬುದೇ ಗುರುಗಳನ್ನು ಕಂಗೆಡಿಸಿದ್ದು. ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಈ ಪತ್ರಗಳು 1977ರಲ್ಲಿ ಪ್ರಕಟವಾದವು.

ರಮಾಬಾಯಿಯವರ ನಿರಾಕರಣೆಗೆ ಬ್ರಾಹ್ಮಸಮಾಜದ ಪ್ರಭಾವವನ್ನೋ ಚರ್ಚಿನ ಅಧಿಕಾರದ ವಿರುದ್ಧ ಸ್ತ್ರೀಯೊಬ್ಬಳ ಪ್ರತಿರೋಧವನ್ನೋ ಕಾರಣವಾಗಿ ಹೇಳುವುದು ಸುಲಭ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಅವರ ವಾದವನ್ನು ಕೇಳದೆ ಅವರ ಸ್ಥಿತಿಯನ್ನಷ್ಟೇ ವಿವರಿಸುತ್ತವೆ. ಕಲ್ಕತ್ತದಲ್ಲಿ 1878ರಲ್ಲಿ ‘ಪಂಡಿತಾ’ ಬಿರುದು ಪಡೆದ ಸಂಸ್ಕೃತಜ್ಞೆ ಅವರು. ಶ್ರುತಿಯಲ್ಲಿಲ್ಲದ ಸೂತ್ರಕ್ಕೆ ಪ್ರಮಾಣ ಕೇಳುವುದು ಆ ವಿದ್ಯೆಯ ರೂಢಿ. 325ರ ನೈಸಿಯ ಸಭೆ ತಂದೆ-ಮಗನ ಏಕಸತ್ವವನ್ನು ಹೇಳಲು ಬಳಸಿದ ಗ್ರೀಕ್ ಪದ ಬೈಬಲ್ಲಿನಲ್ಲಿಲ್ಲವೆಂಬ ಆಕ್ಷೇಪ ನಾಲ್ಕನೆಯ ಶತಮಾನದಲ್ಲಿಯೇ ಎದ್ದಿತ್ತು. ರಮಾಬಾಯಿ ಹೊರಗಿನಿಂದ ಪ್ರಶ್ನೆ ತಂದವರಲ್ಲ, ಕ್ರೈಸ್ತಮತದ ಒಳಗಿನ ಪ್ರಶ್ನೆಯನ್ನೇ ಮತ್ತೆ ಕೇಳಿದವರು.

ಇನ್ನು ಮೂರು ‘ವ್ಯಕ್ತಿ’ಗಳ ಮಾತು. ಲ್ಯಾಟಿನಿನ ‘ಪೆರ್ಸೋನಾ’ ಮುಖವಾಡದ ಅರ್ಥವನ್ನೂ ಹೊತ್ತು ಬಂದ ಪದ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ವ್ಯಕ್ತಿಯೆಂದರೆ ಬೇರೆ ಬೇರೆಯಾಗಿ ಎಣಿಸಬಹುದಾದ ಮನುಷ್ಯ. (ಮರಾಠಿಯಲ್ಲಿ ಆ ಪದ ಸ್ತ್ರೀಲಿಂಗವೆಂಬ ವಿನೋದ ಬೇರೆ.) ಮೂರು ವ್ಯಕ್ತಿಗಳೆಂದ ಮೇಲೆ ಒಬ್ಬನೇ ದೇವರೆನ್ನುವ ಉಪದೇಶಕ ಲೆಕ್ಕಕ್ಕೆ ಸಿಕ್ಕಿಬೀಳುತ್ತಾನೆ. ಇಷ್ಟಲಿಂಗವನ್ನು ಧರಿಸಿ ಏಕದೇವೋಪಾಸನೆಯಲ್ಲಿ ಬೆಳೆದ ಗಡಿನಾಡಿನ ಶರಣಮನೆತನಗಳ ಮುಂದೆ ಆ ಲೆಕ್ಕ ಇನ್ನೂ ಕಠಿಣ.

ರಮಾಬಾಯಿ ಮುಂದೆ ಸುವಾರ್ತಾ ಪಂಥದ ನಂಬಿಕೆಯಲ್ಲಿ ನೆಲೆಗೊಂಡರು. ಪದಗಳ ಮೇಲಿನ ಅವರ ನಿಗಾ ಮಾತ್ರ ಸಡಿಲವಾಗಲಿಲ್ಲ. ಕೇಡಗಾವದಲ್ಲಿ ಹೀಬ್ರೂ, ಗ್ರೀಕ್ ಮೂಲಗಳಿಂದ ಅವರು ಮಾಡಿದ ಮರಾಠಿ ಬೈಬಲ್, ಹಿಂದೂ ಧಾರ್ಮಿಕ ಅರ್ಥಗಳು ಅಂಟಿಕೊಂಡ ಸಂಸ್ಕೃತ ಪದಗಳನ್ನು ಬುದ್ಧಿಪೂರ್ವಕವಾಗಿ ದೂರವಿಟ್ಟಿತು. ಅವರು 1922ರಲ್ಲಿ ತೀರಿಕೊಂಡ ಎರಡು ವರ್ಷಗಳ ತರುವಾಯ ಅದು ಹೊರಬಂದಿತು. ‘ನರಾವತಾರ’ದಂಥ ಪದಗಳನ್ನು ಆ ಜರಡಿಯಲ್ಲಿ ಹಿಡಿಯುವ ಕೆಲಸ ಕನ್ನಡದಲ್ಲಿ ಉಳಿದೇ ಇದೆ.