ಉದಾರವಾದಿಗಳ ಕೂಟ ಮತ್ತು ಸ್ಥಾನಗಳ ಲೆಕ್ಕ

2024ರ ಜೂನ್ 30ರಂದು ವಿಯೆನ್ನಾದಲ್ಲಿ ಮೂವರು ನಾಯಕರು ಒಟ್ಟಾಗಿ ನಿಂತು ಯುರೋಪಿನ ಬಲಪಂಥೀಯ ರಾಷ್ಟ್ರವಾದಿಗಳ ಹೊಸ ಕೂಟವನ್ನು ಘೋಷಿಸಿದರು: ಹಂಗೇರಿಯ ವಿಕ್ಟರ್ ಓರ್ಬಾನ್, ಆಸ್ಟ್ರಿಯಾದ ಹರ್ಬರ್ಟ್ ಕಿಕ್ಲ್, ಜೆಕ್ ದೇಶದ ಆಂದ್ರೇ ಬಾಬಿಶ್. ಈ ಮೂವರ ಪಕ್ಷಗಳೂ ಹಿಂದೆ ಉದಾರವಾದಿಗಳ ಬಳಗದಲ್ಲೇ ಇದ್ದವು. ಕಿಕ್ಲ್ ಅವರ ಫ್ರೀಡಂ ಪಾರ್ಟಿ 1993ರವರೆಗೆ, ಓರ್ಬಾನರ ಫಿಡೆಸ್ 2000ದವರೆಗೆ ಉದಾರವಾದಿ ಪಕ್ಷಗಳ ಜಾಗತಿಕ ಕೂಟ ಲಿಬರಲ್ ಇಂಟರ್‌ನ್ಯಾಷನಲ್‌ನ ಸದಸ್ಯ ಪಕ್ಷಗಳಾಗಿದ್ದವು. ಬಾಬಿಶರ ಆನೋ ಪಕ್ಷ ಯುರೋಪಿನ ಉದಾರವಾದಿ ಒಕ್ಕೂಟ ಆಲ್ಡೆಯನ್ನು ಬಿಟ್ಟು ಆಗಿನ್ನೂ ಹತ್ತು ದಿನವೂ ಆಗಿರಲಿಲ್ಲ. ಮೂರೂ ಪಕ್ಷಗಳು ತಾವಾಗಿಯೇ ಹೊರನಡೆದವು. ಒಂದನ್ನೂ ಯಾರೂ ಹೊರಹಾಕಲಿಲ್ಲ. ಗಡಿ ದಾಟಿದ ಈ ಮೈತ್ರಿಗಳ ದೊಡ್ಡ ದೋಷ ಇಲ್ಲಿದೆ.

ಉದಾರವಾದಿಗಳ ಕೂಟದ ಹುಟ್ಟಿನ ಆಶಯ ದೊಡ್ಡದೇ. 1947ರ ಏಪ್ರಿಲ್‌ನಲ್ಲಿ, ಯುದ್ಧದ ಗಾಯ ಇನ್ನೂ ಹಸಿಯಾಗಿದ್ದಾಗ, ಹಲವು ದೇಶಗಳ ಉದಾರವಾದಿಗಳು ಆಕ್ಸ್‌ಫರ್ಡ್‌ನ ವಾಡಮ್ ಕಾಲೇಜಿನಲ್ಲಿ ಸೇರಿ ಲಿಬರಲ್ ಇಂಟರ್‌ನ್ಯಾಷನಲ್ ಕಟ್ಟಿದರು. ಫ್ರಾಂಕೋನ ಸ್ಪೇನ್‌ನಿಂದ ದೂರ ಉಳಿದಿದ್ದ ಲೇಖಕ ಸಾಲ್ವದೋರ್ ದೆ ಮದಾರಿಯಾಗ ಅದರ ಮೊದಲ ಅಧ್ಯಕ್ಷರಾದರು. ಸ್ವದೇಶದಲ್ಲಿ ಬಾಯಿ ಕಟ್ಟಿಸಿಕೊಂಡವರಿಗೆ ಹೊರಗೊಂದು ದನಿ ಕೊಡುವ ಕೆಲಸವನ್ನು ಈ ಸಂಸ್ಥೆ ಇಂದಿಗೂ ಚೆನ್ನಾಗಿ ಮಾಡುತ್ತದೆ. ಅಧ್ಯಕ್ಷ ದುತೆರ್ತೆ ಆಡಳಿತವನ್ನು ಎದುರುಹಾಕಿಕೊಂಡ ಫಿಲಿಪ್ಪೀನ್ಸ್‌ನ ಸೆನೆಟರ್ ಲೈಲಾ ದೆ ಲಿಮಾ 2017ರಿಂದ 2023ರವರೆಗೆ ಸೆರೆಯಲ್ಲಿದ್ದರು. 2018ರಲ್ಲಿ ಅವರಿಗೆ ಸ್ವಾತಂತ್ರ್ಯ ಪ್ರಶಸ್ತಿ ಕೊಟ್ಟು ಆ ಹೆಸರು ಮರೆಯಾಗದಂತೆ ನೋಡಿಕೊಂಡವರಲ್ಲಿ ಈ ಬಳಗವೂ ಒಂದು.

ಸೆರೆಯಲ್ಲಿರುವ ಗೆಳತಿಯ ಪರವಾಗಿ ತೋರಿದ ದಿಟ್ಟತನ ಅಧಿಕಾರದಲ್ಲಿರುವ ಗೆಳೆಯನ ಎದುರು ಕಾಣುವುದಿಲ್ಲ. ಕಾರಣ ಸ್ಥಾನಗಳ ಲೆಕ್ಕದಲ್ಲಿದೆ. ಯುರೋಪಿಯನ್ ಸಂಸತ್ತಿನಲ್ಲಿ ಒಂದು ಗುಂಪಿಗೆ ಮಾನ್ಯತೆ ಸಿಗಲು ಕನಿಷ್ಠ ಏಳು ದೇಶಗಳ 23 ಸದಸ್ಯರು ಬೇಕು. ಗುಂಪು ದೊಡ್ಡದಾದಷ್ಟೂ ಮಾತಿಗೆ ಸಮಯ, ಸಮಿತಿಗಳ ಅಧ್ಯಕ್ಷತೆ, ಸಿಬ್ಬಂದಿ, ಹಣ ಎಲ್ಲವೂ ಹೆಚ್ಚು. ಬಾಬಿಶ್ ಪ್ರಧಾನಿಯಾಗಿದ್ದಾಗ, ಅವರ ಆಗ್ರೋಫರ್ಟ್ ಉದ್ಯಮಕ್ಕೆ ಸಂದ ಯುರೋಪಿನ ಸಹಾಯಧನದಲ್ಲಿ ಹಿತಾಸಕ್ತಿಯ ಸಂಘರ್ಷವಿದೆ ಎಂದು ಯುರೋಪಿಯನ್ ಆಯೋಗದ ಲೆಕ್ಕಪರಿಶೋಧನೆಯೇ ಹೇಳಿತು. ಆದರೂ ಆನೋ ಆಲ್ಡೆಯಲ್ಲೇ ಉಳಿಯಿತು. ಕೊನೆಗೆ 2024ರ ಚುನಾವಣೆಯಲ್ಲಿ ಗೆದ್ದ ಏಳು ಸ್ಥಾನಗಳನ್ನು ಹೊತ್ತು ಎದುರು ಪಾಳಯಕ್ಕೆ ಹೋಯಿತು. ಯಾವ ಸ್ಥಾನಗಳಿಗಾಗಿ ತತ್ವವನ್ನು ಸಡಿಲಿಸಿದರೋ ಆ ಸ್ಥಾನಗಳೂ ಉಳಿಯಲಿಲ್ಲ.

ಇದು ಉದಾರವಾದಿಗಳಿಗಷ್ಟೇ ಅಂಟಿದ ರೋಗವಲ್ಲ. ಫಿಡೆಸ್ ಮುಂದೆ ಸೇರಿದ ಯುರೋಪಿಯನ್ ಪೀಪಲ್ಸ್ ಪಾರ್ಟಿಯೂ 2019ರಲ್ಲಿ ಅದನ್ನು ಅಮಾನತಿನಲ್ಲಿಟ್ಟಿತೇ ಹೊರತು ಉಚ್ಚಾಟಿಸಲಿಲ್ಲ; 2021ರಲ್ಲಿ ಓರ್ಬಾನರೇ ಬಿಟ್ಟು ಹೋದರು. ಆದರೆ ಅಧಿಕಾರಕ್ಕೆ ಅಂಕುಶ ಬೇಕು ಎಂಬುದನ್ನೇ ತನ್ನ ಮೂಲ ತತ್ವವೆನ್ನುವ ಬಳಗ ಈ ವಿಷಯದಲ್ಲಿ ಉಳಿದವರಂತೆಯೇ ನಡೆದುಕೊಂಡರೆ ಅದರ ತಪ್ಪು ಹೆಚ್ಚು ಭಾರವಾದದ್ದು.

ಕೂಟಕ್ಕೆ ಬೇರೆ ದಾರಿ ಗೊತ್ತಿಲ್ಲದೆ ಏನಿಲ್ಲ. 2017ರ ಜನವರಿಯಲ್ಲಿ ಇಟಲಿಯ ಫೈವ್ ಸ್ಟಾರ್ ಮೂವ್‌ಮೆಂಟನ್ನು ಸೇರಿಸಿಕೊಳ್ಳಲು ಯುರೋಪಿಯನ್ ಸಂಸತ್ತಿನ ಉದಾರವಾದಿ ಗುಂಪಿನ ನಾಯಕ ಹೀ ವೆರ್ಹೋಫ್‌ಸ್ಟಾಟ್ ಒಪ್ಪಿದ್ದರು. ಗುಂಪಿನ ಸದಸ್ಯರೇ ಅದನ್ನು ತಡೆದರು. ಅದಕ್ಕೂ ಹಿಂದಿನ ಆಸ್ಟ್ರಿಯಾದ ಪಾಠ ಇನ್ನೂ ಮುಖ್ಯವಾದದ್ದು. ಫ್ರೀಡಂ ಪಾರ್ಟಿಯ ಆಗಿನ ನಾಯಕ ಯೋರ್ಗ್ ಹೈಡರ್ ವಲಸಿಗರ ವಿರುದ್ಧ ಎಬ್ಬಿಸಿದ ಅಭಿಯಾನವನ್ನು ಒಪ್ಪದ ಹೈಡೆ ಶ್ಮಿಟ್ ಮತ್ತು ಸಂಗಡಿಗರು 1993ರಲ್ಲಿ ಆ ಪಕ್ಷದಿಂದ ಸಿಡಿದು ಲಿಬರಲ್ ಫೋರಂ ಕಟ್ಟಿದರು. ಲಿಬರಲ್ ಇಂಟರ್‌ನ್ಯಾಷನಲ್ ಅವರನ್ನು ಬರಮಾಡಿಕೊಂಡಿತು. ಪಕ್ಷ ದಾರಿ ತಪ್ಪಿದಾಗ ಅದರೊಳಗಿನ ಪ್ರಾಮಾಣಿಕರ ಕೈ ಹಿಡಿಯುವುದು ಹೊರಗಿನ ಗೆಳೆಯರು ಮಾಡಬಹುದಾದ ಅತಿ ಬೆಲೆಯುಳ್ಳ ಕೆಲಸ.

ಆದ್ದರಿಂದ ಸದಸ್ಯತ್ವವನ್ನು ಒಮ್ಮೆ ಕೊಟ್ಟು ಸುಮ್ಮನಾಗಬಾರದು. ಸದಸ್ಯ ಪಕ್ಷವೊಂದು ಸರ್ಕಾರ ರಚಿಸಿದ ಕೂಡಲೇ ನ್ಯಾಯಾಂಗ, ಪತ್ರಿಕೆ, ಸಾರ್ವಜನಿಕ ಹಣದ ವಿಷಯಗಳಲ್ಲಿ ಅದರ ನಡೆಯನ್ನು ಕೂಟ ಪರಿಶೀಲಿಸಬೇಕು. ಆ ಪರಿಶೀಲನೆ ಸ್ಥಾನಗಳನ್ನು ಎಣಿಸುವ ನಾಯಕರ ಕೈಯಲ್ಲಿರಬಾರದು. ಫಲಿತಾಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು. ಇದರಿಂದ ಕೆಲವು ಸ್ಥಾನಗಳು ಕೈತಪ್ಪಬಹುದು. ಆದರೆ ಉದಾರವಾದಿ ಎಂಬ ಹೆಸರನ್ನು ನಂಬಿ ಮತ ಹಾಕಿದವರಿಗೆ ಕೂಟ ಕೊಡಬೇಕಾದ ಕನಿಷ್ಠ ಭರವಸೆ ಇದು.